ಪ್ರೊಸೆಸರ್ ತಣ್ಣಗಿತ್ತು, ಪಕ್ಕದ್ದು ಬೇಯುತ್ತಿತ್ತು

ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ನಿಂತರೆ ನಮ್ಮ ಘಟಕದ ಹುಡುಗರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಓವರ್‌ಕ್ಲಾಕ್ ಮಾಡ್ಬೇಕು, ಯಾವ ಕೂಲರ್ ಒಳ್ಳೇದು?" ಕೂಲರ್ ಎಂದರೆ ಅವರ ಮನಸ್ಸಿನಲ್ಲಿರುವುದು ಪ್ರೊಸೆಸರಿನ ಮೇಲೆ ಕೂರುವ ಕೂಲರ್. ಆ ಪ್ರೊಸೆಸರಿನ ಎಡಗಡೆ, ಒಂದಿಂಚು ದೂರದಲ್ಲಿ, ಉಗುರಿಗಿಂತ ಚಿಕ್ಕ ಕಪ್ಪು ಚೌಕಗಳ ಒಂದು ಸಾಲು ಇರುತ್ತದೆ. ಅದರ ಬಗ್ಗೆ ಈವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಈ ಸಲದ ಬರಹ ಆ ಸಾಲಿನ ಬಗ್ಗೆ. ಕಂಪ್ಯೂಟರ್ ಎಂದರೆ ಆಕಳಿಕೆ ಬರುವವರೂ ಸ್ವಲ್ಪ ತಾಳಿಕೊಂಡು ಓದಿ. ಇದರಲ್ಲಿ ಒಂದು ಮನೆಯ ಅನ್ನದ ವಿಷಯವೂ ಉಂಟು.

ನನ್ನ ದೊಡ್ಡಮ್ಮನ ಮಗಳು ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಮೂರು ನಾಲ್ಕು ಫೋಟೋಗ್ರಾಫರುಗಳು ಶೂಟ್ ಮಾಡಿ ತಂದು ಕೊಡುತ್ತಾರೆ. ಅವಳು ರೋಸ್, ಮದುವೆ, ರಿಸೆಪ್ಶನ್ ಎಲ್ಲವನ್ನೂ ಕತ್ತರಿಸಿ ಜೋಡಿಸಿ ಪೆನ್‌ಡ್ರೈವ್‌ಗೆ ತುಂಬಿಸಿ ಕೊಡಬೇಕು. ಭಾವ ಗಲ್ಫಿನಲ್ಲಿ ಕೆಲಸ ಹೋಗಿ ಊರಿಗೆ ಬಂದ ಮೇಲೆ ಮನೆ ನಡೆಯುವುದು ಬಹುಪಾಲು ಇದರಿಂದಲೇ. ತಪಸ್ಸು ಕಾಲದಲ್ಲಿ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲವಲ್ಲ, ಹಾಗಾಗಿ ಈಸ್ಟರ್ ಕಳೆದದ್ದೇ ತಡ, ಕಟ್ಟೆ ಒಡೆದ ಹಾಗೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಮದುವೆಗಳು. ಕೊನೆಯ ಕಂತಿನ ದುಡ್ಡು ಸಿಗುವುದು ಪೆನ್‌ಡ್ರೈವ್ ಕೈಗೆ ಕೊಟ್ಟ ದಿನ. ಅಂದರೆ ಸೆಕೆ ಅತಿ ಹೆಚ್ಚಿರುವ ಆರು ವಾರಗಳಲ್ಲೇ ಅವಳ ಕಂಪ್ಯೂಟರಿಗೆ ಅತಿ ಹೆಚ್ಚು ಕೆಲಸ.

ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್. ಪ್ರೊಸೆಸರ್ ರೈಜನ್ 7 1700. 2017ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದದ್ದು, 8 ಕೋರ್, 16 ಥ್ರೆಡ್, ಮೂಲ ವೇಗ 3 ಗಿಗಾಹರ್ಟ್ಸ್, ಪೆಟ್ಟಿಗೆಯ ಮೇಲೆ ಬರೆದ ಶಾಖದ ಲೆಕ್ಕ 65 ವಾಟ್. ಹಳತಾದರೂ ರೆಂಡರಿಂಗಿಗೆ ಗಟ್ಟಿಯಾಳು. ಬೋರ್ಡ್ ಬಿ350 ಚಿಪ್‌ಸೆಟ್ಟಿನ ಅಗ್ಗದ ಮಾದರಿ. ಓವರ್‌ಕ್ಲಾಕಿಗೆ ಅವಕಾಶ ಇತ್ತು, ಆ ಕಪ್ಪು ಚೌಕಗಳ ಮೇಲೆ ಒಂದು ತುಂಡು ಅಲ್ಯೂಮಿನಿಯಂ ಕೂಡ ಇರಲಿಲ್ಲ. ಒಂದು ಅಂಗಡಿಯವರು 1.35 ವೋಲ್ಟ್ ಕೊಟ್ಟು ಎಲ್ಲ ಕೋರುಗಳನ್ನೂ 3.8 ಗಿಗಾಹರ್ಟ್ಸ್‌ಗೆ ಏರಿಸಿ, ಮೊದಲಿದ್ದ ಕೂಲರ್ ತೆಗೆದು ನೀರಿನ ಕೂಲರ್ ಹಾಕಿ, "ಇನ್ನು ಹೆದರಿಕೆ ಇಲ್ಲ" ಎಂದು ಕಳಿಸಿದ್ದರು. ಜನವರಿಯಲ್ಲಿ ಹೆದರಿಕೆ ಇರಲೂ ಇಲ್ಲ.

ಏಪ್ರಿಲ್ ಕೊನೆಗೆ ಶುರುವಾಯಿತು. ರೆಂಡರ್ ಹಾಕಿದರೆ ಮೊದಲ ಇಪ್ಪತ್ತು ನಿಮಿಷ ಕುದುರೆ, ಆಮೇಲೆ ಆಮೆ. ರಾತ್ರಿ ಹತ್ತಕ್ಕೆ ಹಾಕಿದ್ದು ಬೆಳಗಿನ ಪೂಜೆಯ ಗಂಟೆ ಹೊಡೆದರೂ ಮುಗಿಯದು. ಅಂಗಡಿಗೆ ಹೊತ್ತುಕೊಂಡು ಹೋದರೆ, ಪ್ರೊಸೆಸರ್ 64 ಡಿಗ್ರಿ, ತಣ್ಣಗೇ ಇದೆ, ಸಾಫ್ಟ್‌ವೇರಿನ ತೊಂದರೆ ಎಂದು ಎರಡು ಸಲ ವಿಂಡೋಸ್ ಹಾಕಿಕೊಟ್ಟರು. ಎರಡು ಸಲವೂ ದುಡ್ಡು ತೆತ್ತಳು. ಮೂರನೆಯ ಸಲ ನನಗೆ ಫೋನ್ ಬಂತು. "ನಾಲ್ಕು ಮದುವೆ ಬಾಕಿ ಉಂಟು ಮಾರಾಯ, ಒಂದು ಮನೆಯವರು ಆಗಲೇ ಬೊಬ್ಬೆ ಹೊಡೀತಿದ್ದಾರೆ" ಎಂದಳು. ಹೊಸ ಬೋರ್ಡ್ ತೆಗೆಯೋಣವೇ ಎಂದು ಬಾಯಿ ತೆರೆಯುವ ಮೊದಲೇ, ಮಕ್ಕಳ ಶಾಲೆಯ ಫೀಸು ಜೂನಿನಲ್ಲಿ ಕಟ್ಟಬೇಕು ಎಂದೂ ಹೇಳಿ ಮುಗಿಸಿದಳು.

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಗೆರೆಗಳನ್ನು ಒಟ್ಟಿಗೆ ಹಾಕಿ ನೋಡಿದೆ: ಪ್ರೊಸೆಸರಿನ ಬಿಸಿ, ಪ್ರೊಸೆಸರಿನ ವೇಗ. ಬಿಸಿಯ ಗೆರೆ 64ರಲ್ಲಿ ಗದ್ದೆಯ ಹುಣಿಯ ಹಾಗೆ ನೆಟ್ಟಗೆ. ವೇಗದ ಗೆರೆ ಗರಗಸ. 3.8ರಲ್ಲಿ ಓಡುತ್ತದೆ, ಒಮ್ಮೆಲೇ 1 ಗಿಗಾಹರ್ಟ್ಸ್‌ಗೂ ಕೆಳಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಈ ಪ್ರೊಸೆಸರ್ ತಾಳಿಕೊಳ್ಳುವ ಮಿತಿ 95 ಡಿಗ್ರಿ. 64ರಲ್ಲಿ ಅದು ತಾನಾಗಿ ಹೆದರಿ ನಿಧಾನವಾಗುವ ಕಾರಣವೇ ಇಲ್ಲ. ಹಾಗಾದರೆ ಬೇರೆ ಯಾರೋ ಅದನ್ನು "ನಿಲ್ಲು, ನನ್ನಿಂದ ಆಗುವುದಿಲ್ಲ" ಎಂದು ತಡೆಯುತ್ತಿದ್ದಾರೆ. ಆ ಯಾರೋ ಎಂದರೆ ಪಕ್ಕದ ಕಪ್ಪು ಚೌಕಗಳು.

ಅವುಗಳ ಕೆಲಸ ಏನೆಂದರೆ, ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂ ಚಿಲ್ಲರೆ ವೋಲ್ಟಿಗೆ ಇಳಿಸುವುದು. ಈ ಇಡೀ ವ್ಯವಸ್ಥೆಗೆ ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್, ಚಿಕ್ಕದಾಗಿ ವಿಆರ್‌ಎಂ, ಎಂದು ಹೆಸರು. ಕಪ್ಪು ಚೌಕಗಳು ಮಾಸ್‌ಫೆಟ್‌ಗಳು, ಅಂದರೆ ಸ್ವಿಚ್‌ಗಳು. ಅವು ಸಾಮಾನ್ಯವಾಗಿ ಸೆಕೆಂಡಿಗೆ ಎರಡರಿಂದ ಐದು ಲಕ್ಷ ಸಲ 12 ವೋಲ್ಟಿನ ಬಾಗಿಲು ತೆರೆದು ಮುಚ್ಚುತ್ತವೆ. ಹತ್ತರಲ್ಲಿ ಒಂದು ಪಾಲು ಹೊತ್ತು ತೆರೆದಿದ್ದರೆ ಸರಾಸರಿ 1.2 ವೋಲ್ಟ್ ಆಯಿತಲ್ಲ, ಅದೇ ಉಪಾಯ. ಆ ಬಿಟ್ಟು ಬಿಟ್ಟು ಬರುವ ಪೆಟ್ಟುಗಳನ್ನು ಪಕ್ಕದಲ್ಲಿರುವ ಚೋಕ್ ಮತ್ತು ಕೆಪಾಸಿಟರುಗಳು ಸಮ ಮಾಡಿ ಕೊಡುತ್ತವೆ. ತೋಟದಲ್ಲಿ ಪಂಪಿನ ನೀರು ಗುಳುಕು ಗುಳುಕಾಗಿ ಬಂದರೂ ಟ್ಯಾಂಕಿಯಿಂದ ಇಳಿಯುವ ನೀರು ಒಂದೇ ಸಮ ಇರುತ್ತದೆ ನೋಡಿ, ಹಾಗೆ.

ಇಂಥ ಒಂದು ಜೋಡಣೆಗೆ ಒಂದು ಫೇಸ್ ಎನ್ನುತ್ತಾರೆ. ಅಕ್ಕನ ಬೋರ್ಡಿನಲ್ಲಿ ಕೋರುಗಳಿಗೆ ನಾಲ್ಕು ಫೇಸ್. ಹಬ್ಬದ ಮೆರವಣಿಗೆಯಲ್ಲಿ ಪ್ರತಿಮೆಯ ಪಲ್ಲಕ್ಕಿಯನ್ನು ನಾಲ್ಕು ಹೆಗಲು ಹೊರುವುದೂ ಎಂಟು ಹೆಗಲು ಹೊರುವುದೂ ಎಷ್ಟು ಬೇರೆ ಎಂದು ಹೊತ್ತವರಿಗೆ ಗೊತ್ತು. ವಿದ್ಯುತ್ತಿನಲ್ಲಿ ಆ ಅಂತರ ಇನ್ನೂ ಹೆಚ್ಚು, ಯಾಕೆಂದರೆ ತಂತಿಯಲ್ಲಾಗಲಿ ಮಾಸ್‌ಫೆಟ್ಟಿನಲ್ಲಾಗಲಿ ಬಿಸಿ ಹುಟ್ಟುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಈಗ ಓವರ್‌ಕ್ಲಾಕಿನ ಲೆಕ್ಕಕ್ಕೆ ಬನ್ನಿ. ಇದೊಂದನ್ನು ದಯವಿಟ್ಟು ಹಾರಿಸಬೇಡಿ. ಪ್ರೊಸೆಸರ್ ತಿನ್ನುವ ಶಕ್ತಿ ವೇಗದ ಜತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜತೆ ವರ್ಗವಾಗಿ ಏರುತ್ತದೆ. ಒಂದು ಪ್ರೊಸೆಸರ್ 3.2 ಗಿಗಾಹರ್ಟ್ಸ್‌ನಲ್ಲಿ 1.1 ವೋಲ್ಟಿಗೆ ಓಡುತ್ತಿದೆ ಎಂದುಕೊಳ್ಳಿ. ಅದನ್ನು 3.8ಕ್ಕೆ ಏರಿಸಲು 1.35 ವೋಲ್ಟ್ ಕೊಟ್ಟಿರಿ. ವೇಗ ಏರಿದ್ದು ನೂರಕ್ಕೆ 19. ಶಕ್ತಿ ಏರಿದ್ದು ನೂರಕ್ಕೆ ಸುಮಾರು 80. ಕರೆಂಟ್ ಸುಮಾರು ಒಂದೂವರೆ ಪಟ್ಟು, ಅದರ ವರ್ಗ ಎಂದರೆ ಮಾಸ್‌ಫೆಟ್ಟಿನೊಳಗೆ ಹರಿವಿನಿಂದ ಹುಟ್ಟುವ ಬಿಸಿ ಎರಡು ಪಟ್ಟಿಗೂ ಮೇಲೆ. ಹತ್ತು ಗಂಟೆಯ ರೆಂಡರ್ ಎಂಟೂವರೆ ಗಂಟೆಗೆ ಮುಗಿಯಲಿ ಎಂದು ಆ ಪುಟ್ಟ ಚೌಕಗಳ ತಲೆಯ ಮೇಲೆ ಎರಡು ಪಟ್ಟು ಬೆಂಕಿ ಇಟ್ಟ ಹಾಗೆ. ಇದರ ಮೇಲೆ ಇನ್ನೊಂದು ಕಷ್ಟ: ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ಒಳಗಿನ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಮತ್ತೆ ಬಿಸಿ.

ಪ್ರೊಸೆಸರ್ 130 ವಾಟ್ ಎಳೆಯುತ್ತಿದ್ದರೆ 1.35 ವೋಲ್ಟಿನಲ್ಲಿ ಅದು 96 ಆಂಪಿಯರ್. ವಿಆರ್‌ಎಂ ನೂರಕ್ಕೆ 90ರಷ್ಟು ದಕ್ಷ ಎಂದು ಹಿಡಿದರೂ 14 ವಾಟ್ ಅಲ್ಲೇ ಬಿಸಿಯಾಗಿ ಉಳಿಯುತ್ತದೆ. 85 ಎಂದು ಹಿಡಿದರೆ 23 ವಾಟ್. 14 ವಾಟ್ ಏನು ಮಹಾ ಎನಿಸಬಹುದು. ಹಿಂದೆ ಮನೆಯಲ್ಲಿ ದೇವರ ಪಟದ ಮುಂದೆ ಝೀರೋ ಬಲ್ಬ್ ಉರಿಯುತ್ತಿತ್ತಲ್ಲ, ಹೆಸರಿಗೆ ಝೀರೋ, ತಿನ್ನುತ್ತಿದ್ದುದು 12ರಿಂದ 15 ವಾಟ್. ಗಂಟೆಗಟ್ಟಲೆ ಉರಿದದ್ದನ್ನು ಬೆರಳಲ್ಲಿ ಮುಟ್ಟಿ ನೋಡಿದವರು ಹೇಳಲಿ. 25 ವಾಟಿನ ಬೆಸುಗೆ ಕಡ್ಡಿ ಸೀಸವನ್ನೇ ಕರಗಿಸುತ್ತದೆ.

ನೀರಿನ ಕೂಲರ್ ಹಾಕಿದ್ದೇ ಇಲ್ಲಿ ತಿರುಗುಬಾಣ. ಈ ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬರುವ ರೇತ್ ಸ್ಪೈರ್ ಕೂಲರಿನ ಫ್ಯಾನ್ ಗಾಳಿಯನ್ನು ಕೆಳಮುಖವಾಗಿ ಊದುತ್ತದೆ. ಪ್ರೊಸೆಸರಿಗೆ ತಾಗಿದ ಗಾಳಿ ಬೋರ್ಡಿಗೆ ಬಡಿದು ನಾಲ್ಕೂ ಕಡೆ ಹರಡಿ ಪಕ್ಕದ ಮಾಸ್‌ಫೆಟ್‌ಗಳ ಮೇಲೂ ಹೋಗುತ್ತದೆ. ಯಾರೂ ಕೇಳದೆ ಸಿಗುವ ಉಪಕಾರ. ಅದನ್ನು ತೆಗೆದು ನೀರಿನ ಕೂಲರ್ ಹಾಕಿದರೆ ಪ್ರೊಸೆಸರಿನ ಬಿಸಿ ಕೊಳವೆಯಲ್ಲಿ ಹರಿದು ದೂರದ ರೇಡಿಯೇಟರಿಗೆ ಹೋಗುತ್ತದೆ, ಫ್ಯಾನ್‌ಗಳೂ ಅಲ್ಲಿಗೇ ಹೋಗುತ್ತವೆ. ವಿಆರ್‌ಎಂ ಸುತ್ತ ಗಾಳಿ ಅಲುಗಾಡದೆ ನಿಲ್ಲುತ್ತದೆ. ಅಕ್ಕನ ಪೆಟ್ಟಿಗೆಯಲ್ಲಂತೂ ರೇಡಿಯೇಟರ್ ಮುಂಭಾಗದಲ್ಲಿ, ಅದರಿಂದ ಬರುವ ಬಿಸಿ ಗಾಳಿ ಒಳಗೇ. ಪ್ರೊಸೆಸರ್ ತಣ್ಣಗಿದೆ ಎಂದು ಪರದೆ ಹೇಳುತ್ತಿತ್ತು, ಸುಳ್ಳೇನೂ ಅಲ್ಲ.

ಅಳೆಯಬೇಕಲ್ಲ. ಬೋರ್ಡಿನಲ್ಲಿ ವಿಆರ್‌ಎಂ ಬಿಸಿ ತೋರಿಸುವ ಸೆನ್ಸರ್ ಇರಲಿಲ್ಲ, ಅಗ್ಗದ ಬೋರ್ಡುಗಳಲ್ಲಿ ಇಲ್ಲದಿರುವುದೇ ಹೆಚ್ಚು. ಭಾವ ಉತ್ಸಾಹದಿಂದ ಕೊರೋನಾ ಕಾಲದಲ್ಲಿ ಎಲ್ಲರ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಬಂದೂಕು ತಂದು ಗುರಿ ಇಟ್ಟರು. ಅದು "ಹೈ" ಎಂದಿತು. ಅದಕ್ಕೆ ಗೊತ್ತಿರುವುದು ಜ್ವರ ಮಾತ್ರ, ನಲವತ್ತೆರಡು ನಲವತ್ತಮೂರರ ಮೇಲೆ ಅದರ ಲೋಕ ಮುಗಿಯಿತು. ಕಾರ್ಖಾನೆಗೆ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಆದರೆ ಆಗುತ್ತದೆ, ಆದರೆ ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಕೊನೆಗೆ ಎಸಿ ರಿಪೇರಿ ಮಾಡುವ ಗೆಳೆಯನಿಂದ ಕೆ-ಟೈಪ್ ಥರ್ಮೋಕಪಲ್ ಇರುವ ಮೀಟರ್ ತಂದೆ. ಕಂಪ್ಯೂಟರ್ ಆಫ್ ಮಾಡಿ, ಮಾಸ್‌ಫೆಟ್ ಮತ್ತು ಚೋಕ್ ನಡುವಿನ ಜಾಗದಲ್ಲಿ ತಂತಿಯ ತುದಿಯನ್ನು ಬಿಸಿ ತಡೆಯುವ ಕ್ಯಾಪ್ಟನ್ ಟೇಪಿನಿಂದ ಅಂಟಿಸಿದೆ. ತಂತಿಯ ಬರಿಯ ತುದಿ ಯಾವ ಬೆಸುಗೆಗೂ ತಾಗದಂತೆ ಜಾಗ್ರತೆ ಮಾಡಬೇಕು.

ಕೋಣೆಯಲ್ಲಿ 33 ಡಿಗ್ರಿ. ರೆಂಡರ್ ಹಾಕಿದೆವು. ಇಪ್ಪತ್ತೆರಡನೆಯ ನಿಮಿಷಕ್ಕೆ ಮೀಟರ್ 109 ತೋರಿಸಿತು, ಅದೇ ಕ್ಷಣ ವೇಗ ಬಿದ್ದಿತು. ಅಕ್ಕ ಮಾತಾಡಲಿಲ್ಲ, ಅಡಿಗೆಮನೆಗೆ ಹೋಗಿ ಚಾ ಇಟ್ಟು ಬಂದಳು.

109 ಎಂದರೆ ಎಷ್ಟು ಕೆಟ್ಟದ್ದು? ಮಾಸ್‌ಫೆಟ್‌ಗಳ ಒಳಗಿನ ಮಿತಿ ಸಾಮಾನ್ಯವಾಗಿ 150 ಡಿಗ್ರಿ ಎಂದು ಬರೆದಿರುತ್ತದೆ, ಅದನ್ನೇ ಹಿಡಿದುಕೊಂಡು "ಏನೂ ಆಗೋದಿಲ್ಲ" ಎನ್ನುವವರಿದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ. ಮಾಸ್‌ಫೆಟ್ ಒಂಟಿಯಾಗಿ ಬದುಕುವುದಿಲ್ಲ. ಅದು ಕೂತಿರುವ ಸಾಧಾರಣ ಎಫ್‌ಆರ್4 ಹಲಗೆ 130–140 ಡಿಗ್ರಿಯ ಸುತ್ತ ಮೆತ್ತಗಾಗತೊಡಗುತ್ತದೆ. ಪಕ್ಕದ ಕೆಪಾಸಿಟರಿನ ಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಒಳ್ಳೆಯ ಘನ ಕೆಪಾಸಿಟರಿನ ಆಯಸ್ಸು ಆ ಬಿಸಿಯಲ್ಲಿ 5,000 ಗಂಟೆ ಎಂದಿದ್ದರೆ, ದಿನಕ್ಕೆ ಹತ್ತು ಗಂಟೆ ದುಡಿಸಿದರೆ 500 ದಿನ. ಅದೇ ಕೆಪಾಸಿಟರ್ 85 ಡಿಗ್ರಿಯಲ್ಲಿದ್ದರೆ ಆಯಸ್ಸು ಹತ್ತು ಪಟ್ಟು ಎಂಬುದು ತಯಾರಕರ ಲೆಕ್ಕ. ಇಪ್ಪತ್ತು ಡಿಗ್ರಿ ಇಳಿಸಿದರೆ ಸಿಗುವುದು ಇಷ್ಟು.

ಇನ್ನು ಇಂಟರ್ನೆಟ್ಟಿನಲ್ಲಿ ಬರುವ ಬೋರ್ಡ್ ಪರೀಕ್ಷೆಗಳು ಹೆಚ್ಚಾಗಿ ಇಪ್ಪತ್ತು ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ ನಡೆದವು. ಅಲ್ಲಿ 95 ಬಂದ ಬೋರ್ಡ್ ನಮ್ಮ ಕಾಸರಗೋಡಿನ ಮೇ ತಿಂಗಳ ಮಧ್ಯಾಹ್ನ 105 ದಾಟುತ್ತದೆ. ಸೊಲ್ಲಾಪುರದ ಕಡೆ, ಹೊರಗೇ 40 ದಾಟುವ ಊರುಗಳಲ್ಲಿ, ಕೇಳುವುದೇ ಬೇಡ. ತಾಳವಾಡಿ, ನೀಲಗಿರಿಯವರು ಪುಣ್ಯವಂತರು.

ಇಂಥದ್ದು ಅಗ್ಗದ ಬೋರ್ಡುಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. 2017ರ ಜೂನಿನಲ್ಲಿ ಇಂಟೆಲ್‌ನ ಎಕ್ಸ್299 ಬೋರ್ಡುಗಳು ಬಂದಾಗ, ಡೆರ್ ಬಾವರ್ ಎಂದು ಹೆಸರಾದ ಜರ್ಮನಿಯ ಓವರ್‌ಕ್ಲಾಕರ್ ರೋಮನ್ ಹಾರ್ಟುಂಗ್ ಆ ದುಬಾರಿ ಬೋರ್ಡುಗಳ ವಿಆರ್‌ಎಂ ಕಾಯುವ ರೀತಿಯನ್ನು ವಿಡಿಯೋ ಮಾಡಿ ತರಾಟೆಗೆ ತೆಗೆದುಕೊಂಡಿದ್ದರು. ಹೀಟ್‌ಸಿಂಕ್ ಎಂದು ಕೂರಿಸಿದ್ದು ರೆಕ್ಕೆಗಳಿಲ್ಲದ ಲೋಹದ ಗಟ್ಟಿ, ಅಲಂಕಾರಕ್ಕಾದೀತು ಗಾಳಿಗಾಗದು ಎಂಬುದು ಅವರ ಮುಖ್ಯ ದೂರು. ಬಣ್ಣದ ದೀಪ ಹಾಕಿದ ಪ್ಲಾಸ್ಟಿಕ್ ಕವಚ ವಿಆರ್‌ಎಂ ಮೇಲೆ ಮುಚ್ಚಿಕೊಂಡ ಬೋರ್ಡುಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ಸೆಕೆಗೆ ಕಂಬಳಿ ಹೊದಿಸಿದ ಹಾಗೆ ಕಾಣುತ್ತದೆ ನನಗೆ.

ಅಕ್ಕನಿಗೆ ಯಾವ ದಾರಿ? ಭಾವ ಆನ್‌ಲೈನಿನಲ್ಲಿ ಅಂಟು ಇರುವ ಪುಟಾಣಿ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗಳನ್ನು ನೋಡಿಟ್ಟಿದ್ದರು. ನಾನು ಬೇಡ ಎಂದೆ. ಗೋಪುರದಂಥ ಪೆಟ್ಟಿಗೆಯಲ್ಲಿ ಬೋರ್ಡ್ ಗೋಡೆಯ ಹಾಗೆ ನಿಂತಿರುತ್ತದೆ. ದಿನವೂ ನೂರು ಡಿಗ್ರಿ ಕಂಡ ಅಂಟು ಒಂದು ದಿನ ಬಿಟ್ಟರೆ ಆ ಲೋಹದ ತುಂಡು ಬೀಳುವುದು ನೇರ ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಬೆನ್ನಿನ ಮೇಲೆ. ಶಾರ್ಟ್ ಆದರೆ ಎರಡೂ ಹೋದವು. ಸ್ಕ್ರೂ ಅಥವಾ ಸ್ಪ್ರಿಂಗ್ ಪಿನ್ನಿನಿಂದ ಬೋರ್ಡಿಗೆ ಬಿಗಿಯುವ ಹೀಟ್‌ಸಿಂಕ್, ಅದರಡಿ ಸರಿಯಾದ ದಪ್ಪದ ಥರ್ಮಲ್ ಪ್ಯಾಡ್ ಆದರೆ ಸರಿ. ಆದರೆ ಈ ಬೋರ್ಡಿನಲ್ಲಿ ಅದಕ್ಕೆ ತೂತುಗಳೇ ಇಲ್ಲ. ಮೇಲಾಗಿ ಸಾಧಾರಣ ಮಾಸ್‌ಫೆಟ್ಟಿನ ಬಿಸಿ ಹೆಚ್ಚಾಗಿ ಇಳಿಯುವುದು ಕೆಳಗೆ, ಬೋರ್ಡಿನ ತಾಮ್ರದ ಪದರಗಳಿಗೆ; ಮೇಲಿನ ಕಪ್ಪು ಹೊದಿಕೆ ಬಿಸಿ ದಾಟಿಸುವುದರಲ್ಲಿ ದಡ್ಡ. ಹಾಗಾಗಿ ಚೌಕಗಳ ಮೇಲೆ ಮಾತ್ರವಲ್ಲ, ಸುತ್ತಲ ಬೋರ್ಡಿನ ಮೇಲೂ ಗಾಳಿ ಆಡಬೇಕು.

ಗಾಳಿಯೇ ಆಯಿತು. 120 ಮಿಲಿಮೀಟರಿನ ಸಾದಾ ಫ್ಯಾನ್ ಒಂದನ್ನು 250 ರೂಪಾಯಿಗೆ ತಂದು, ಪೆಟ್ಟಿಗೆಯ ಒಳಗಿನ ಅಡ್ಡಪಟ್ಟಿಗೆ ಪ್ಲಾಸ್ಟಿಕ್ ಟೈಗಳಿಂದ ಕಟ್ಟಿ, ನೇರ ವಿಆರ್‌ಎಂ ಮೇಲೆ ಊದುವಂತೆ ಓರೆಯಾಗಿ ನಿಲ್ಲಿಸಿದೆವು. ನಾಲ್ಕು ಸೆಂಟಿಮೀಟರಿನ ಚಿಕ್ಕ ಫ್ಯಾನ್ ಕೂಡ ಸಾಕಾಗುತ್ತಿತ್ತು, ಆದರೆ ಅದು ನುಸಿಯ ಹಾಗೆ ಗುಂಯ್‌ಗುಟ್ಟುತ್ತದೆ. ಕಂಪ್ಯೂಟರ್ ಇರುವುದು ಮಕ್ಕಳು ಮಲಗುವ ಕೋಣೆಯಲ್ಲೇ. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಸಾಕು. ಅದೇ ಕೋಣೆ, ಅದೇ 33 ಡಿಗ್ರಿ, ಅದೇ ರೆಂಡರ್: ಮೀಟರ್ 84ರಲ್ಲಿ ನಿಂತಿತು. ವೇಗದ ಗೆರೆಯಲ್ಲಿ ಗರಗಸದ ಹಲ್ಲು ಒಂದೂ ಇಲ್ಲ. ರೇತ್ ಸ್ಪೈರನ್ನೂ ಒಮ್ಮೆ ವಾಪಸು ಹಾಕಿ ನೋಡಿದೆ. ನಾನು ಹೇಳಿದ ಹಾಗೆಯೇ ವಿಆರ್‌ಎಂ ಇಳಿಯಿತು, ಆದರೆ ಪ್ರೊಸೆಸರ್ ಎಂಬತ್ತರ ಮೇಲೆ ಏರಿ ಕೂಲರ್ ಕೂಗತೊಡಗಿತು. ಚಿಕ್ಕವಳು ಎದ್ದು ಅತ್ತಳು, ಪ್ರಯೋಗ ಅಲ್ಲಿಗೆ ಮುಗಿಯಿತು.

ಆ ಮೇಲೆ ನನಗೂ ಅಕ್ಕನಿಗೂ ಒಂದು ಚರ್ಚೆ ಆಯಿತು. ದುಡಿಮೆಯ ಯಂತ್ರಕ್ಕೆ ಓವರ್‌ಕ್ಲಾಕೇ ಬೇಡ, ಮೂಲ ವೇಗಕ್ಕೆ ಇಳಿಸೋಣ ಎಂಬುದು ನನ್ನ ಅಭಿಪ್ರಾಯ. ಆಟದ ಯಂತ್ರ ಸುಟ್ಟರೆ ಬೇಸರ, ಇದು ಸುಟ್ಟರೆ ಉಪವಾಸ. ಅವಳದ್ದು ಬೇರೆ ಲೆಕ್ಕ. "ನಿನಗೆ ಒಂದೂವರೆ ಗಂಟೆ, ನನಗೆ ಅದು ನಿದ್ರೆ. ನಡುವೆ ಕರೆಂಟ್ ಹೋದ್ರೆ ಮೊದಲಿನಿಂದ ಹಾಕ್ಬೇಕು, ರೆಂಡರ್ ಬೇಗ ಮುಗಿದಷ್ಟೂ ಆ ಹೆದರಿಕೆ ಕಡಿಮೆ." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಗುಡುಗು ಮಳೆಯ ಸಂಜೆಗಳಲ್ಲಿ ನಮ್ಮಲ್ಲಿ ಕರೆಂಟ್ ಹೇಗೆ ಎಂದು ನಿಮಗೂ ಗೊತ್ತು.

ನಡುವಿನ ದಾರಿ ಹುಡುಕಿದೆವು. 3.6 ಗಿಗಾಹರ್ಟ್ಸ್‌ಗೆ ಇಳಿಸಿ, ವೋಲ್ಟೇಜನ್ನು ಒಂದೊಂದೇ ಮೆಟ್ಟಿಲು ತಗ್ಗಿಸುತ್ತಾ ಪ್ರತಿ ಸಲ ಅರ್ಧ ಗಂಟೆ ಪ್ರೈಮ್95 ಓಡಿಸಿದೆ. 1.2ರಲ್ಲಿ ತಪ್ಪು ಲೆಕ್ಕ ತೋರಿಸಿತು, 1.225ರಲ್ಲಿ ರಾತ್ರಿಯಿಡೀ ನಿಂತಿತು. 3.8ಕ್ಕೆ ಹೋಲಿಸಿದರೆ ಕಳಕೊಂಡ ವೇಗ ನೂರಕ್ಕೆ 5. ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿದ ಬಿಸಿ ಕಾಲು ಭಾಗ. ಫ್ಯಾನ್ ಜತೆಗೆ ಈಗ ಮೀಟರ್ 73. ಬಯೋಸಿನಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬುದನ್ನು ಅಂಗಡಿಯವರು ಅತಿ ಹೆಚ್ಚಿನ ಮಟ್ಟಕ್ಕೆ ಇಟ್ಟಿದ್ದರು, ಅದನ್ನೂ ಮಧ್ಯಕ್ಕೆ ತಂದೆ. ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ. ಆ ಕುಸಿತವನ್ನು ಪೂರ್ತಿ ಅಳಿಸಲು ಹೋದರೆ ಭಾರದ ಹೊತ್ತಿನಲ್ಲೇ ಹೆಚ್ಚು ವೋಲ್ಟೇಜ್ ನಿಂತು ವಿಆರ್‌ಎಂ ಇನ್ನಷ್ಟು ಬೇಯುತ್ತದೆ.

ನಾಲ್ಕೂ ಮದುವೆಗಳ ಪೆನ್‌ಡ್ರೈವ್ ಮೇ ಮುಗಿಯುವ ಮೊದಲು ಹೋದವು. ಬೊಬ್ಬೆ ಹೊಡೆಯುತ್ತಿದ್ದ ಮನೆಯವರದ್ದೇ ಮೊದಲು. ಫೀಸಿನ ವಿಷಯ ನಾನು ಕೇಳಲಿಲ್ಲ.

ಅಕ್ಕ ಈಗ ಬೇರೆ ಬೋರ್ಡಿಗೆ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಾಳೆ. ಆರು ತಿಂಗಳು 109 ಕಂಡಿದ್ದಿರಬಹುದಾದ ಕೆಪಾಸಿಟರುಗಳ ಮೇಲೆ ನನಗೆ ಭರವಸೆ ಕಡಿಮೆ. ಸೆಕೆಂಡ್ ಹ್ಯಾಂಡಿನಲ್ಲೇ ನೋಡು, ಆದರೆ ವಿಆರ್‌ಎಂ ಮೇಲೆ ರೆಕ್ಕೆಗಳಿರುವ, ಸ್ಕ್ರೂ ಹಾಕಿ ಬಿಗಿದ ಹೀಟ್‌ಸಿಂಕ್ ಇರಬೇಕು, ಬಿಸಿ ತೋರಿಸುವ ಸೆನ್ಸರ್ ಇರಬೇಕು, ಕೊಳ್ಳುವ ಮೊದಲು ಆ ಭಾಗದ ಹಿಂಬದಿ ತಿರುಗಿಸಿ ಹಲಗೆ ಕಂದು ಬಣ್ಣಕ್ಕೆ ತಿರುಗಿದೆಯೇ ನೋಡು ಎಂದು ಹೇಳಿದ್ದೇನೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಪೇಂಟ್ ಬ್ರಶ್ಶಿನಲ್ಲಿ ಆ ಫ್ಯಾನಿನ ಧೂಳು ತೆಗೆಯುವುದು ಭಾವನ ಕೆಲಸ. ಅಂಗಳದಲ್ಲಿ ಅಡಿಕೆ ಹರಡಿದ ತಿಂಗಳುಗಳಲ್ಲಿ ವಾರಕ್ಕೊಮ್ಮೆ.